ಎರಡಾಣೆಯ ಪಿಗ್ಮಿ, ಏಜೆಂಟರ ಆಟಿ ತಿಂಗಳು

ನಮ್ಮ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿದರು. ನಾವೆಂದರೆ ಸಂಘದ ನಿತ್ಯನಿಧಿ ಸಂಗ್ರಾಹಕರು. ಊರವರ ಬಾಯಲ್ಲಿ 'ಪಿಗ್ಮಿಯವರು'. ಸಂಘದ ಸ್ಥಾಪನೆ, ಕಟ್ಟಡ, ಠೇವಣಿ, ಲಾಭಾಂಶಗಳ ಚರಿತ್ರೆಯನ್ನು ಬಲ್ಲ ಹಿರಿಯರು ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಮಗೆ ಗೊತ್ತಿರುವುದು ಬೀದಿಯ ಚರಿತ್ರೆ, ಹೆಗಲಿಗೆ ಹಾಕಿಕೊಂಡ ಚೀಲದ ಚರಿತ್ರೆ. ಅದನ್ನೇ ಬರೆಯಿರಿ ಎಂದರು. ಬರೆಯುವ ಅಭ್ಯಾಸ ನಮಗಿಲ್ಲ. ತಪ್ಪಿದ್ದರೆ ಸದಸ್ಯ ಬಾಂಧವರು ಮನ್ನಿಸಬೇಕು.

ಊರಿನಲ್ಲಿ ನಮ್ಮ ಬಗ್ಗೆ ಒಂದು ಮಾತಿದೆ. "ಪಿಗ್ಮಿಯವರಿಗೇನು ಮಾರಾಯ್ರೆ, ದಿನಾ ಚೀಲದ ತುಂಬ ದುಡ್ಡು!" ಹೌದು, ಚೀಲದ ತುಂಬ ದುಡ್ಡು ಇರುತ್ತದೆ. ಆದರೆ ಅದು ನಿಮ್ಮದು. ನಮ್ಮದು ಅದರಲ್ಲಿ ನೂರಕ್ಕೆ ಇಷ್ಟು ಎಂಬ ಕಮಿಷನ್ ಮಾತ್ರ. ಅದೂ ಈ ತಿಂಗಳು ಇದ್ದಷ್ಟು ಬರುವ ತಿಂಗಳು ಇರುತ್ತದೆಂಬ ಖಾತ್ರಿ ಇಲ್ಲ. ಏರಿಳಿಯುವ ಇಂಥ ಆದಾಯದಲ್ಲಿ ಸಂಸಾರ ನಡೆಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಆಟಿಗೆಂದು ಕೂಡಿಟ್ಟ ಕಾಲ

ಆದಾಯ ಏರಿಳಿಯುವುದು ನಮ್ಮ ಕರಾವಳಿಗೆ ಹೊಸತಲ್ಲ. ಹಿಂದೆ ಇಲ್ಲಿ ತಿಂಗಳ ಸಂಬಳ ಎಂಬುದು ಶಾಲೆಯ ಮೇಷ್ಟ್ರಿಗೆ, ಸರಕಾರಿ ಗುಮಾಸ್ತರಿಗೆ ಬಿಟ್ಟರೆ ಯಾರಿಗಿತ್ತು? ಗದ್ದೆಯವರಿಗೆ ಕೊಯ್ಲಿನಲ್ಲಿ ಕಣಜ ತುಂಬುತ್ತಿತ್ತು, ಆಟಿ ತಿಂಗಳಲ್ಲಿ ತಳ ಕಾಣುತ್ತಿತ್ತು. ಮೀನುಗಾರರಿಗೆ ಬಲೆಗೆ ಬಿದ್ದದ್ದರಲ್ಲಿ ಪಾಲು. ಬಲೆ ಬರಿದಾದರೆ ಪಾಲೂ ಬರಿದು. ನೇಕಾರರಿಗೆ ನೇಯ್ದಷ್ಟು ಕೂಲಿ. ಮುಂದೆ ಬೀಡಿ ಉದ್ಯಮ ಬಂದಾಗ ನಮ್ಮ ಹೆಂಗಸರಿಗೆ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕ. ಎಲೆ, ಹೊಗೆಸೊಪ್ಪು ಬಾರದ ವಾರ ಮಜೂರಿಯೂ ಇಲ್ಲ.

ಇಂಥ ಬದುಕಿನಲ್ಲಿ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಒಂದೇ. ಇರುವಾಗ ಎತ್ತಿಡುವುದು. ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಇಟ್ಟರು. ಬೇಸಿಗೆಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿದರು, ಹಪ್ಪಳ ಒಣಗಿಸಿದರು, ಮಾವಿನಮಿಡಿಯನ್ನು ಭರಣಿಗೆ ತುಂಬಿದರು. ಮಳೆ ಹಿಡಿದು ಕೆಲಸ ನಿಂತಾಗ ಅದೇ ಊಟ. ಆಟಿಯಲ್ಲಿ ಭರಣಿ ತೆರೆಯುವ ಮನೆಯವರಿಗೆ ಬೇಸಿಗೆಯಲ್ಲೇ ಬುದ್ಧಿ ಇರಬೇಕಿತ್ತು.

ಆದರೆ ಅಕ್ಕಿಯನ್ನು ಮುಡಿ ಕಟ್ಟಿದಂತೆ ದುಡ್ಡನ್ನು ಕಟ್ಟಿಡುವುದು ಹೇಗೆ? ಎರಡಾಣೆ, ನಾಲ್ಕಾಣೆ ಕೈಯಲ್ಲಿ ನಿಲ್ಲುವುದಿಲ್ಲ. ಅಷ್ಟು ಸಣ್ಣ ಮೊತ್ತ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಲು ಬಡವರಿಗೆ ಸಂಕೋಚ, ಬಿಡುವೂ ಇಲ್ಲ. ಕೊನೆಗೆ ಆಟಿಯಲ್ಲಿ ಸಾಹುಕಾರರ ಜಗಲಿಯೇ ಗತಿ. ಈ ಗತಿಯನ್ನು ತಪ್ಪಿಸಲೆಂದೇ ಸಹಕಾರ ಚಳುವಳಿ ಹುಟ್ಟಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಜಿಲ್ಲೆಯಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಿಂದ ಆ ದೀಪವನ್ನು ಹಚ್ಚಿದರು. ನಮ್ಮ ಸಂಘವೂ ಅದೇ ದೀಪದಿಂದ ಹಚ್ಚಿಕೊಂಡ ಒಂದು ಹಣತೆ.

ಉಡುಪಿಯ ಎರಡಾಣೆ

ಇನ್ನು ಪಿಗ್ಮಿಯ ಮೂಲಕ್ಕೆ ಬರೋಣ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಈ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಕಟ್ಟಿದರು. ಮೂವರಲ್ಲಿ ಟಿ.ಎಂ.ಎ. ಪೈಯವರು ವೈದ್ಯರು. ಮೂಲ ಬಂಡವಾಳ 8,000 ರೂಪಾಯಿ. ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ನೇಕಾರರಿಗೆ ನೆರವಾಗುವುದು ಅವರ ಮುಖ್ಯ ಉದ್ದೇಶಗಳಲ್ಲೊಂದು.

1928ರಲ್ಲಿ ಈ ಸಂಸ್ಥೆ ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ಪಿಗ್ಮಿ ಎಂದರೆ ಕುಳ್ಳ, ಸಣ್ಣದು ಎಂದರ್ಥ. ದಿನಕ್ಕೆ ಕನಿಷ್ಠ ಎರಡಾಣೆ. ಜನ ಬ್ಯಾಂಕಿಗೆ ಹೋಗಬೇಕಾಗಿಲ್ಲ, ಬ್ಯಾಂಕಿನ ಏಜೆಂಟನೇ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಾನೆ. ಈಗಿನ ಮಕ್ಕಳಿಗೆ ಆಣೆಯ ಲೆಕ್ಕ ಗೊತ್ತಿಲ್ಲವಾದ್ದರಿಂದ ಬಿಡಿಸಿ ಹೇಳುತ್ತೇವೆ. ಆಗ ಹದಿನಾರು ಆಣೆಗೆ ಒಂದು ರೂಪಾಯಿ. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ. ಒಂದು ದಿನವೂ ತಪ್ಪಿಸದೆ ವರ್ಷವಿಡೀ ಕಟ್ಟಿದರೆ, ಬಡ್ಡಿ ಬಿಟ್ಟು, 45 ರೂಪಾಯಿ 10 ಆಣೆ. ಎರಡಾಣೆಯಾಗಿ ಇದ್ದಾಗ ಚಹಾಕ್ಕೋ ಬೀಡಿಗೋ ಕರಗುತ್ತಿದ್ದ ದುಡ್ಡು ಹೀಗೆ ಒಂದು ಮೊತ್ತವಾಗಿ ಕೈಗೆ ಬರುವಂತಾಯಿತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಎಲ್ಲರಿಗೂ ಗೊತ್ತು. ಹನಿಯನ್ನು ಹೊತ್ತು ತರಲು ಒಬ್ಬ ಮನುಷ್ಯ ಬೇಕು ಎಂಬುದನ್ನು ಕಂಡುಕೊಂಡವರು ಉಡುಪಿಯವರು.

ಆ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆಯಿತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಅದೂ ಒಂದು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋದರೂ ಪಿಗ್ಮಿ ಎಂಬ ಮಾತು ಹೋಗಲಿಲ್ಲ. ಬೇರೆ ಬ್ಯಾಂಕುಗಳು, ಸಹಕಾರಿ ಸಂಘಗಳು ಅದನ್ನೇ ಅನುಸರಿಸಿದವು. ನಮ್ಮ ಸಂಘದ ಪಾಸ್ ಪುಸ್ತಕದ ಮೇಲೆ 'ನಿತ್ಯನಿಧಿ' ಎಂದು ಅಚ್ಚಾಗಿದ್ದರೂ ನೀವೆಲ್ಲ ಕರೆಯುವುದು ಪಿಗ್ಮಿ ಎಂದೇ ಅಲ್ಲವೆ?

ಚೀಲ ಹೊತ್ತವನಿಗೆ ಸಂಬಳ ಉಂಟೇ?

ಈ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಆದಾಯ ಏರಿಳಿಯುವ ಜನರನ್ನು ಕಾಪಾಡಲು ಹುಟ್ಟಿದ ಯೋಜನೆ ಇದು. ಅದನ್ನು ಹೆಗಲ ಮೇಲೆ ಹೊತ್ತ ಏಜೆಂಟನ ಆದಾಯವೂ ಏರಿಳಿಯುವಂಥದ್ದೇ ಆಯಿತು. ಸಂಗ್ರಹವಾದರೆ ಕಮಿಷನ್, ಇಲ್ಲದಿದ್ದರೆ ಇಲ್ಲ. ಜ್ವರ ಬಂದು ಮಲಗಿದರೆ ಇಲ್ಲ. ಊರಿಗೆ ಊರೇ ಜಾತ್ರೆಗೆ ಹೋಗಿ ಅಂಗಡಿ ಮುಚ್ಚಿದರೆ ಇಲ್ಲ. ಹಾಗಾದರೆ ಅವನು ಬ್ಯಾಂಕಿನ ಕೆಲಸಗಾರನೋ, ಸ್ವತಂತ್ರ ದಲ್ಲಾಳಿಯೋ?

ಈ ಪ್ರಶ್ನೆ ಬ್ಯಾಂಕುಗಳ ಠೇವಣಿ ಸಂಗ್ರಾಹಕರಿಂದಲೇ ಎದ್ದಿತು. 1980ರಲ್ಲಿ ಕೇಂದ್ರ ಸರಕಾರವು ಈ ವಿವಾದವನ್ನು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಒಪ್ಪಿಸಿತು. 1988ರ ಡಿಸೆಂಬರಿನಲ್ಲಿ ತೀರ್ಪು ಬಂತು. ಅದರ ಒಂದು ಅಂಶ ಹೀಗಿತ್ತು: ತಿಂಗಳಿಗೆ ಕನಿಷ್ಠ 7,500 ರೂಪಾಯಿ ಸಂಗ್ರಹಕ್ಕೆ 750 ರೂಪಾಯಿ ನಿಶ್ಚಿತ ವೇತನ, ಅದಕ್ಕಿಂತ ಹೆಚ್ಚಿನ ಸಂಗ್ರಹಕ್ಕೆ ನೂರಕ್ಕೆ 2ರಂತೆ ಪ್ರೋತ್ಸಾಹಧನ, ಜೊತೆಗೆ ಓಡಾಟದ ಭತ್ಯೆ. ಬ್ಯಾಂಕುಗಳು ಮೇಲಿನ ನ್ಯಾಯಾಲಯಗಳಿಗೆ ಹೋದವು. ಕೊನೆಗೆ 2001ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಠೇವಣಿ ಸಂಗ್ರಾಹಕರು ಕಾಯಿದೆಯ ಅರ್ಥದಲ್ಲಿ ಕೆಲಸಗಾರರೇ, ಅವರಿಗೆ ಸಿಗುವ ಕಮಿಷನ್ ಎಂಬುದು ದುಡಿಮೆಯ ಪ್ರಮಾಣಕ್ಕೆ ತಕ್ಕ ವೇತನವೇ ಎಂದು ಹೇಳಿತು.

ಕಮಿಷನ್ ಕೂಡ ಕೂಲಿಯೇ! ಬಿಸಿಲು ಮಳೆಯಲ್ಲಿ ಅಲೆದವರಿಗೆ ಇದು ಮೊದಲೇ ಗೊತ್ತಿತ್ತು. ದೇಶದ ಅತಿ ದೊಡ್ಡ ನ್ಯಾಯಾಲಯ ಹೇಳಲು ಇಪ್ಪತ್ತು ವರ್ಷ ಹಿಡಿಯಿತು. ಈ ವ್ಯಾಜ್ಯ ಬ್ಯಾಂಕುಗಳಿಗೆ ಸಂಬಂಧಿಸಿದ್ದು, ನಮ್ಮಂಥ ಗ್ರಾಮದ ಸಂಘದ ವಿಷಯ ಬೇರೆ. ಆದರೂ ಆ 750 ರೂಪಾಯಿಯ ಹಿಂದಿದ್ದ ವಿಚಾರವನ್ನು ನಾವು ಮರೆಯಬಾರದು. ಮೇಲಕ್ಕೆ ಎಷ್ಟು ಬೇಕಾದರೂ ಏರಲಿ, ಕೆಳಗೆ ಇಳಿಯುವಾಗ ಕಾಲಿಗೆ ಸಿಗಲು ಒಂದು ನೆಲ ಬೇಕು.

ನಮ್ಮ ಬೀದಿಯ ಏರಿಳಿತ

ನಮ್ಮ ಸಂಘದಲ್ಲಿ ಆರಂಭಕ್ಕೆ ಇದ್ದವರು ಇಬ್ಬರೇ ಸಂಗ್ರಾಹಕರು. ಒಬ್ಬರಿಗೆ ಸೈಕಲ್, ಇನ್ನೊಬ್ಬರಿಗೆ ಕಾಲ್ನಡಿಗೆ. ಈಗ ಆರು ಮಂದಿ ಇದ್ದೇವೆ, ಅವರಲ್ಲಿ ಇಬ್ಬರು ಮಹಿಳೆಯರು. ಬೆಳಿಗ್ಗೆ ಮೀನು ಮಾರ್ಕೆಟ್ಟು, ಹತ್ತು ಗಂಟೆಗೆ ಹೋಟೆಲು, ದಿನಸಿ ಅಂಗಡಿ, ಮಧ್ಯಾಹ್ನ ಬೀಡಿ ಕಟ್ಟುವ ಮನೆಗಳು, ಸಂಜೆ ರಿಕ್ಷಾ ಸ್ಟ್ಯಾಂಡು ಮತ್ತು ಗ್ಯಾರೇಜು. ಕೊಡುವವರು ಯಾರೂ ತಿಂಗಳ ಸಂಬಳದವರಲ್ಲ. ಹಾಗಾಗಿ ಅವರ ಏರಿಳಿತವೇ ನಮ್ಮ ಏರಿಳಿತ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಂದರೆ ಮೀನು ಮಾರುವ ಅಕ್ಕಂದಿರ ಬುಟ್ಟಿ ಅರ್ಧವಾಗುತ್ತದೆ. ಅದೇ ಜೂನಿನಲ್ಲಿ ಶಾಲೆ ಶುರು. ಛತ್ರಿ, ಪುಸ್ತಕ, ಸಮವಸ್ತ್ರ. "ಇವತ್ತು ವ್ಯಾಪಾರ ಇಲ್ಲ ತಮ್ಮಾ, ನಾಳೆ ಬಾ" ಎಂಬ ಮಾತು ಮಳೆಯಷ್ಟೇ ಸರಿಯಾಗಿ ಆರಂಭವಾಗುತ್ತದೆ. ಅವರಿಗೆ ಅದು ಐವತ್ತು ರೂಪಾಯಿ ಮುಂದೂಡಿದ್ದು ಅಷ್ಟೆ. ನೂರು ಬಾಗಿಲಲ್ಲಿ ಅದೇ ಮಾತು ಕೇಳಿದವರ ಮನೆಯಲ್ಲಿ ಆ ತಿಂಗಳ ರೇಷನ್ನಿನ ಪಟ್ಟಿ ಗಿಡ್ಡವಾಗುತ್ತದೆ.

ಇದು ವರ್ಷ ವರ್ಷದ ಆಟಿ, ಗೊತ್ತಿದ್ದೇ ಬರುವಂಥದ್ದು. ಹೇಳದೆ ಬಂದ ಆಟಿಗಳು ಎರಡು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದವು. ಮರುದಿನ ಎಲ್ಲರ ಕೈಯಲ್ಲೂ ಅದೇ ನೋಟು. ಅದೇ ತಿಂಗಳ 14ರಂದು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳೂ ಹಳೆ ನೋಟು ಪಡೆಯುವಂತಿಲ್ಲವೆಂದು ರಿಸರ್ವ್ ಬ್ಯಾಂಕಿನ ಆದೇಶವಾಯಿತು. ಕೊಡುವ ಮನಸ್ಸಿದ್ದವರಿಂದಲೂ ನಾವು ತೆಗೆದುಕೊಳ್ಳುವಂತಿರಲಿಲ್ಲ. ಎರಡನೆಯದು 2020ರ ಮಾರ್ಚ್ 25ರ ಲಾಕ್‌ಡೌನ್. ಆ ಏಪ್ರಿಲ್ ತಿಂಗಳಲ್ಲಿ ನಮ್ಮ ಚೀಲ ಗೋಡೆಯ ಮೊಳೆಯಲ್ಲೇ ತೂಗಿತ್ತು. ಸಂಗ್ರಹ ಸೊನ್ನೆ, ಕಮಿಷನ್ ಸೊನ್ನೆ. ತಾವು ಕಟ್ಟಿದ್ದನ್ನು ತೆಗೆದುಕೊಳ್ಳಲು ಜನ ಸಂಘಕ್ಕೆ ಬಂದರು. ಪಿಗ್ಮಿ ಅವರನ್ನು ಕಾಪಾಡಿತು. ಊರಿಗೆಲ್ಲ ಉಳಿತಾಯದ ಪಾಠ ಹೇಳಿದ ನಮ್ಮಲ್ಲಿ ನಾಲ್ವರ ಹೆಸರಿನಲ್ಲಿ ಒಂದು ಪಿಗ್ಮಿ ಖಾತೆಯೂ ಇರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಚರಿತ್ರೆ ಎಂದ ಮೇಲೆ ಮುಚ್ಚಿಡಬಾರದು.

ಒಂದು ತಪ್ಪಿನ ಕಥೆ

ಇನ್ನೂ ಒಂದನ್ನು ಹೇಳಬೇಕು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಕೈಯಲ್ಲಿ ಹಿಡಿಯುವ ರಶೀದಿ ಯಂತ್ರ ಇನ್ನೂ ಬಂದಿರದ ಕಾಲ. ನಮ್ಮಲ್ಲೊಬ್ಬರಿಗೆ ಜುಲೈ ತಿಂಗಳಲ್ಲಿ ಮಗಳ ಹಾಸ್ಟೆಲ್ ಫೀಸಿಗೆ ಮೂರು ಸಾವಿರ ಕಡಿಮೆ ಬಿತ್ತು. ಬೇಸಿಗೆಯಲ್ಲಿ ಒಳ್ಳೆ ಕಮಿಷನ್ ಬಂದಿತ್ತು. ಅದೇ ಹುರುಪಿನಲ್ಲಿ ಕಂತಿನ ಮೇಲೆ ಟಿ.ವಿ. ತಂದಿದ್ದರು, ಮಳೆಗಾಲದಲ್ಲಿ ಆ ಕಂತೂ ಬಾಯಿ ತೆರೆದು ಕೂತಿತ್ತು. ಆ ಸಂಜೆ ಚೀಲದಲ್ಲಿ ಊರವರ ದುಡ್ಡು ಇತ್ತು. ನಾಳೆ ತುಂಬಿದರಾಯಿತು ಎಂದುಕೊಂಡರು. ಜನರ ಪಾಸ್ ಪುಸ್ತಕದಲ್ಲಿ ಬರೆದದ್ದನ್ನು ಕಚೇರಿಯ ಪಟ್ಟಿಯಲ್ಲಿ ಬರೆಯಲಿಲ್ಲ. ನಾಳೆಯ ಸಂಗ್ರಹದಿಂದ ಇವತ್ತಿನದನ್ನು ತುಂಬಿದರು, ನಾಡಿದ್ದಿನದರಿಂದ ನಾಳೆಯದನ್ನು. ನಡುವೆ ಮನೆಯ ಖರ್ಚು ನಿಲ್ಲಲಿಲ್ಲ. ಮೂರು ಸಾವಿರ ಹನ್ನೊಂದು ಸಾವಿರ ಆಯಿತು. ಚೌತಿಯ ಮುನ್ನಾ ವಾರ ಮೀನು ಮಾರುವ ಒಬ್ಬ ಅಮ್ಮ ತನ್ನ ಖಾತೆ ಮುಗಿಸಲು ಪಾಸ್ ಪುಸ್ತಕ ಹಿಡಿದು ಬಂದರು. ಪುಸ್ತಕದ ಲೆಕ್ಕಕ್ಕೂ ಲೆಡ್ಜರಿನ ಲೆಕ್ಕಕ್ಕೂ ತಾಳೆಯಾಗಲಿಲ್ಲ.

ಸಂಘವು ಆ ಅಮ್ಮನಿಗೆ ಪಾಸ್ ಪುಸ್ತಕದಲ್ಲಿದ್ದ ಪೂರ್ತಿ ಮೊತ್ತವನ್ನು ಅದೇ ದಿನ ಕೊಟ್ಟಿತು. ಸಂಗ್ರಾಹಕರು ಮನೆಯವರ ಬಳೆ ಅಡವಿಟ್ಟು ಬಾಕಿಯನ್ನು ತುಂಬಿದರು. ಒಂದು ವರ್ಷ ಅವರಿಗೆ ಚೀಲ ಕೊಡಲಿಲ್ಲ. ಕೊನೆಗೆ ಅದೇ ಅಮ್ಮ ಕಾರ್ಯದರ್ಶಿಯವರಲ್ಲಿ ಬಂದು, "ಅವನು ಕಳ್ಳ ಅಲ್ಲ ಸ್ವಾಮಿ, ಅವನಿಗೆ ಕೈ ಹಿಡಿತ ಇಲ್ಲ. ಇನ್ನು ಬುದ್ಧಿ ಬಂದಿರ್ತದೆ, ಕೊಡಿ" ಎಂದರು. ಆ ಮಾತಿನ ಮೇಲೆ ಅವರನ್ನು ಮತ್ತೆ ತೆಗೆದುಕೊಳ್ಳಲಾಯಿತು. ಇವತ್ತು ನಮ್ಮಲ್ಲಿ ಹೊಸಬರಿಗೆ ಕೆಲಸ ಕಲಿಸುವವರು ಅವರೇ.

ಆ ಅಮ್ಮ ಹೇಳಿದ್ದು ನಿಜ. ಕಮಿಷನ್ನಿನ ಆದಾಯದವನನ್ನು ಕೆಡಿಸುವುದು ಕಡಿಮೆ ಬಂದ ತಿಂಗಳಲ್ಲ, ಹೆಚ್ಚು ಬಂದ ತಿಂಗಳು. ಏಪ್ರಿಲ್‌ನಲ್ಲಿ ಬಂದದ್ದನ್ನೇ ತನ್ನ ನಿಜವಾದ ಸಂಬಳ ಎಂದು ನಂಬಿದವನು ಜುಲೈಯಲ್ಲಿ ಬೇರೆಯವರ ಚೀಲಕ್ಕೆ ಕೈ ಹಾಕುತ್ತಾನೆ.

ನಾವು ಕಲಿತ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮ ಹಾಸಿಗೆ ತಿಂಗಳಿಗೊಂದು ಉದ್ದ! ಹಾಗಾಗಿ ನಾವು ಕಾಲು ಚಾಚುವುದನ್ನು ಕಲಿತದ್ದು ಹೀಗೆ.

ಲೆಕ್ಕಕ್ಕಾಗಿ ಕಮಿಷನ್ ನೂರಕ್ಕೆ 3 ಎಂದು ಇಟ್ಟುಕೊಳ್ಳೋಣ. ಸಾಧಾರಣ ತಿಂಗಳಲ್ಲಿ ಮೂರು ಲಕ್ಷ ಸಂಗ್ರಹವಾದರೆ 9,000 ರೂಪಾಯಿ. ಮಳೆಯ ಎರಡು ತಿಂಗಳಲ್ಲಿ ಒಂದು ಲಕ್ಷ ಅರವತ್ತು ಸಾವಿರಕ್ಕೆ ಇಳಿದರೆ 4,800. ಒಳ್ಳೆಯ ಎರಡು ತಿಂಗಳಲ್ಲಿ ನಾಲ್ಕು ಲಕ್ಷಕ್ಕೆ ಏರಿದರೆ 12,000. ವರ್ಷಕ್ಕೆ ಒಟ್ಟು 1,05,600. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,800. ಆದರೆ ಸರಾಸರಿ ಎಂಬುದು ಕಾಗದದ ಮೇಲಿನದು. ಸರಾಸರಿಯನ್ನು ಪೂರ್ತಿ ಖರ್ಚು ಮಾಡಿದರೆ ಏನೂ ಉಳಿಯುವುದಿಲ್ಲ. ಆದ್ದರಿಂದ ಮನೆಗೆ ತಿಂಗಳ ಸಂಬಳ 7,500 ಎಂದು ನಮಗೆ ನಾವೇ ನಿಗದಿ ಮಾಡಿಕೊಳ್ಳಬೇಕು. ಬಂದ ಕಮಿಷನ್ ಎಲ್ಲ ಒಂದು ಉಳಿತಾಯ ಖಾತೆಗೆ ಹೋಗಲಿ. ಅಲ್ಲಿಂದ ತಿಂಗಳ ಮೊದಲ ದಿನ 7,500 ಮಾತ್ರ ಮನೆಗೆ ಬರಲಿ. ಏಪ್ರಿಲ್‌ನಲ್ಲೂ ಅಷ್ಟೇ, ಜುಲೈಯಲ್ಲೂ ಅಷ್ಟೇ. ಮಳೆಯ ಎರಡು ತಿಂಗಳ ಕೊರತೆ 5,400 ರೂಪಾಯಿಯನ್ನು ಆ ಖಾತೆಯೇ ತುಂಬುತ್ತದೆ. ಅದೂ ಕಳೆದು ವರ್ಷಾಂತ್ಯಕ್ಕೆ 15,600 ಉಳಿಯುತ್ತದೆ. ಸ್ಕೂಟರಿನ ಟಯರು, ಶಾಲೆಯ ಫೀಸು, ಹೇಳದೆ ಬರುವ ಆಟಿ, ಎಲ್ಲಕ್ಕೂ ಅದು.

ಇದನ್ನು ಶುರು ಮಾಡಲು ಮಳೆಗಾಲಕ್ಕೆ ಕಾಯಬಾರದು. ದೀಪಾವಳಿ ಕಳೆದು ವ್ಯಾಪಾರ ಕುದುರುವಾಗಲೇ ಶುರು ಮಾಡಬೇಕು. ಭರಣಿ ತುಂಬುವುದು ಬೇಸಿಗೆಯಲ್ಲೇ.

ಇನ್ನು ಕೆಲವು ನಿಯಮಗಳು. ಚೀಲ ಬೇರೆ, ಕಿಸೆ ಬೇರೆ. ಊರವರ ಹಣದ ಚೀಲದಿಂದ ಚಿಲ್ಲರೆಗೂ ಕೈ ಹಾಕಬಾರದು. ಹೆಚ್ಚು ಬಂದ ತಿಂಗಳನ್ನು ನೋಡಿ ಕಂತಿನ ಸಾಲ ಮಾಡಬಾರದು. ಕಂತಿಗೆ ಆಟಿ ಗೊತ್ತಿಲ್ಲ. ಪೆಟ್ರೋಲಿನ ಖರ್ಚನ್ನು ಕಮಿಷನ್ನಿನಿಂದ ಕಳೆದ ಮೇಲೆಯೇ ಉಳಿದದ್ದನ್ನು ಆದಾಯ ಎನ್ನಬೇಕು. ಕಮಿಷನ್ನಿನ ಮೇಲೆ ಮೂಲದಲ್ಲೇ ತೆರಿಗೆ ಕಡಿತವಾಗಿದ್ದರೆ ಅದರ ಪ್ರಮಾಣಪತ್ರವನ್ನು ಕೇಳಿ ಇಟ್ಟುಕೊಳ್ಳಬೇಕು. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರು ರಿಟರ್ನ್ ಸಲ್ಲಿಸಿ ಆ ಹಣವನ್ನು ಹಿಂದಕ್ಕೆ ಪಡೆಯಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ನಿಯಮ. ಸಂಗ್ರಾಹಕನ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ ಇರಬೇಕು. 2020ರ ಆ ಏಪ್ರಿಲ್ ಕಳೆದ ಮೇಲೆ ನಾವು ಆರೂ ಮಂದಿ ನಿತ್ಯನಿಧಿ ಖಾತೆ ತೆರೆದೆವು. ತನ್ನ ಖಾತೆಗೆ ತಾನೇ ಸಂಗ್ರಹಿಸಿದರೆ "ನಾಳೆ ಕಟ್ಟುತ್ತೇನೆ" ಎಂಬ ಸಬೂಬು ಸುಲಭ. ಹಾಗಾಗಿ ಒಬ್ಬರದನ್ನು ಇನ್ನೊಬ್ಬರು ಸಂಗ್ರಹಿಸುತ್ತೇವೆ. ಸಂಜೆ ಕಚೇರಿಯಲ್ಲಿ ಲೆಕ್ಕ ಒಪ್ಪಿಸುವ ಮೊದಲು ಆರು ಮಂದಿ ಒಬ್ಬರೆದುರು ಒಬ್ಬರು ಕೈ ಚಾಚಿ ನಿಲ್ಲುವುದನ್ನು ನೋಡಿ ಗುಮಾಸ್ತರು ನಗುತ್ತಾರೆ. ನಗಲಿ. ಈ ಪದ್ಧತಿ ಒಂದು ದಿನವೂ ನಿಂತಿಲ್ಲ.

ಒಂದು ವಿನಂತಿ

ಬೆಳ್ಳಿಹಬ್ಬದ ಈ ವರ್ಷ ಮಹಾಸಭೆಯ ಮುಂದೆ ನಮ್ಮದೊಂದು ವಿನಂತಿ ಇದೆ. ಒಳ್ಳೆಯ ತಿಂಗಳಲ್ಲಿ ನಮ್ಮ ಕಮಿಷನ್ನಿನಿಂದಲೇ ಒಂದು ಪಾಲನ್ನು ಹಿಡಿದಿಟ್ಟು, ಅದಕ್ಕೆ ಸಂಘವೂ ತನ್ನ ಕೈಲಾದಷ್ಟು ಸೇರಿಸಿ, ಆಟಿ ತಿಂಗಳಲ್ಲಿ ಸಂಗ್ರಾಹಕರಿಗೆ ಒಂದು ಕನಿಷ್ಠ ಮೊತ್ತ ಸಿಗುವ ವ್ಯವಸ್ಥೆ ಮಾಡಬೇಕು. ದಾನ ಬೇಡ. ಏರಿದಾಗ ಕೊಟ್ಟು ಇಳಿದಾಗ ಪಡೆಯುವ ಸಹಕಾರ ಸಾಕು. ಸಂಗ್ರಾಹಕನ ಮನೆಯ ಒಲೆ ಜುಲೈಯಲ್ಲೂ ಉರಿಯುತ್ತಿದ್ದರೆ ಸದಸ್ಯರ ಚೀಲವೂ ಭದ್ರ ಎಂಬುದನ್ನು ನಮ್ಮ ಸಂಘ ಅನುಭವದಿಂದಲೇ ಬಲ್ಲದು.

ಈಗ ಮೊಬೈಲಿನಲ್ಲೇ ಹಣ ಕಳಿಸುವ ಕಾಲ. ಇನ್ನು ಪಿಗ್ಮಿಯವರು ಯಾಕೆ ಎಂದು ಕೇಳುವವರಿದ್ದಾರೆ. ಮೊಬೈಲು ಹಣ ಕಳಿಸುತ್ತದೆ ನಿಜ. ಆದರೆ ಮಳೆಯಲ್ಲಿ ನೆನೆದು ಬಂದು, "ಅಕ್ಕಾ, ಐವತ್ತು ಆಗದಿದ್ದರೆ ಹತ್ತಾದರೂ ಕೊಡಿ, ದಿನ ತಪ್ಪಿಸಬೇಡಿ" ಎಂದು ಬಾಗಿಲಲ್ಲಿ ನಿಂತು ಅದು ಹೇಳುವುದಿಲ್ಲ. 1928ರಲ್ಲಿ ಎರಡಾಣೆಗೆ ಅಲೆದವರಿಂದ ಇಂದಿನವರೆಗೆ ಈ ಕೆಲಸದ ತಿರುಳು ಅದೇ.

ನಾಳೆ ಬೆಳಿಗ್ಗೆ ಎಂದಿನಂತೆ ನಿಮ್ಮ ಬಾಗಿಲಿಗೆ ಬರುತ್ತೇವೆ.